ಮಂಗಳೂರಿನ ಮನೆಯಂಗಳದಲ್ಲಿ ವಸಂತದ ಮಲ್ಲಿಗೆ

ಚೈತ್ರ ವೈಶಾಖಗಳು ಘಟ್ಟದ ಮೇಲಿನವರಿಗೆ ಚಿಗುರಿನ ಕಾಲವಾದರೆ, ಮಂಗಳೂರು ನಗರಕ್ಕೆ ಅವು ಸೆಕೆಯ ಕಾಲ. ವರ್ಷದ ಮಳೆಯ ಬಹುಭಾಗವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದುಹೋಗುವುದರಿಂದ, ಮುರಕಲ್ಲಿನ ನೆಲವು ಮಾರ್ಚ್ ತಿಂಗಳಿಗೆಲ್ಲ ಒಣಗಿ ಗಟ್ಟಿಯಾಗುವುದು. ಚಳಿಗಾಲದಲ್ಲಿ ಅಂಗಳವನ್ನು ತುಂಬಿದ್ದ ಸೇವಂತಿಗೆ, ಗೊಂಡೆ ಹೂಗಳು ಈ ವೇಳೆಗೆ ಬಾಡುವುವು. ಬೇಲಿಯ ಕೇಪಳವೂ ದಾಸವಾಳವೂ ಹೇಗೋ ತಾಳಿಕೊಳ್ಳುವುವು. ಬಿಸು ಹಬ್ಬದ ಸುಮಾರಿಗೆ ಕಕ್ಕೆಯ ಮರವು ಯಾರ ಆರೈಕೆಯನ್ನೂ ಬಯಸದೆ ಹಳದಿಯಾಗುವುದು. ಮಲ್ಲಿಗೆಯಾದರೋ ಬಿಸಿಲೇರಿದಂತೆ ಮೊಗ್ಗು ತುಂಬಿಕೊಳ್ಳುವುದು. ಬೇರಿಗೆ ನೀರು ಸಿಕ್ಕಬೇಕು, ಅಷ್ಟೆ.

ತೊಡಕಿರುವುದೂ ಇಲ್ಲಿಯೇ. ಗಿಡವು ನೀರು ಬೇಡುವ ಏಪ್ರಿಲ್, ಮೇ ತಿಂಗಳುಗಳಲ್ಲಿಯೇ ಬಾವಿಗಳು ತಳ ಕಾಣುವುವು. 2016ರಲ್ಲಿಯೂ 2019ರಲ್ಲಿಯೂ ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನೇತ್ರಾವತಿಯ ನೀರು ಇಳಿದು, ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಅಂತಹ ವರ್ಷ ಎಲ್ಲ ಗಿಡಗಳಿಗೂ ಸ್ವಲ್ಪ ಸ್ವಲ್ಪ ಎರೆಯುವುದು ವ್ಯರ್ಥ. ಬಾಡಿದ ಸೇವಂತಿಗೆಯ ಮೇಲಿನ ಮಮತೆಯನ್ನು ಬಿಟ್ಟು, ಇದ್ದ ನೀರನ್ನು ಮಲ್ಲಿಗೆಗೆ ಕೊಡುವುದೇ ಲೇಸು. ಅಕ್ಕಿ, ತರಕಾರಿ ತೊಳೆದ ನೀರನ್ನು ಸಂಜೆಯ ತಂಪಿನಲ್ಲಿ ಬುಡಕ್ಕೆ ಎರೆದು, ಪಾತಿಯ ತುಂಬ ತೆಂಗಿನ ಸಿಪ್ಪೆಯನ್ನಾಗಲಿ ಒಣಗಿದ ತರಗೆಲೆಯನ್ನಾಗಲಿ ಹೊದಿಸತಕ್ಕದ್ದು. ತಾರಸಿಯ ಮೇಲಿನ ಕುಂಡಗಳು ನೆಲದ ಗಿಡಗಳಿಗಿಂತ ಬೇಗನೆ ಒಣಗುವುದರಿಂದ ಅವುಗಳಿಗೆ ದಿನವೂ ನೀರು ಬೇಕು. ಹಳ್ಳಿಯಲ್ಲಿ ತೋಟವುಳ್ಳ ಹಿಡುವಳಿದಾರರು ನಗರದ ಮನೆಗೆ ಬರುವಾಗ ಒಂದು ಗೋಣಿ ಹಳೆಯ ಹಟ್ಟಿಗೊಬ್ಬರವನ್ನು ತಂದರೆ, ಪೇಟೆಯ ಗೊಬ್ಬರದ ಖರ್ಚು ತಪ್ಪುವುದು.

ಇಷ್ಟು ಶ್ರಮಕ್ಕೆ ಬೆಲೆಯುಂಟೇ ಎಂದು ಕೇಳುವವರು ಉಡುಪಿಯ ಸಮೀಪದ ಶಂಕರಪುರದ ಕಡೆಗೆ ನೋಡಬಹುದು. ಅಲ್ಲಿ ಮನೆಯಂಗಳದ ಮಲ್ಲಿಗೆಯೇ ಅನೇಕ ಸಂಸಾರಗಳ ಜೀವನಾಧಾರ. ಮೊಗ್ಗುಗಳನ್ನು ಬಾಳೆಯ ನಾರಿನಲ್ಲಿ ಕಟ್ಟಿ, 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಲೆಕ್ಕವಿಟ್ಟು ಮಾರುವರು. ಮೊಗ್ಗು ಅರಳುವುದು ಸಂಜೆಗೆ. ಆದುದರಿಂದ ಕೊಯ್ಲು ಬೆಳಗಿನ ಹೊತ್ತಿನಲ್ಲಿಯೇ ಆಗಬೇಕು. ಬಿಸಿಲೇರಿದ ಮೇಲೆ ಎದ್ದು ಬರುವವರಿಗೆ ಈ ಬೇಸಾಯವು ಹೇಳಿದುದಲ್ಲ.

ಬೇಸಗೆಯಲ್ಲಿ ಮೊಗ್ಗು ಕೊರೆಯುವ ಹುಳುವಿನ ಕಾಟವೂ ಉಂಟು. ಬಿಳಿಯ ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿದರೆ ಒಳಗೆ ಹುಳುವಿದೆಯೆಂದೇ ಅನುಮಾನಿಸಿ, ಅಂತಹವನ್ನು ಕಿತ್ತು ಸುಡತಕ್ಕದ್ದು. ಗಿಡದ ಬುಡದಲ್ಲಿ ಚೆಲ್ಲಿದರೆ ಹುಳುವನ್ನು ಸಾಕಿದಂತಾಗುವುದು. ಎಲೆಯ ಅಡಿಯಲ್ಲಿ ಕಾಣುವ ಕೆಂಪು ನುಸಿಗೆ ರಭಸದಿಂದ ಚಿಮ್ಮಿಸಿದ ನೀರೂ ಬೇವಿನೆಣ್ಣೆಯ ಸಿಂಪರಣೆಯೂ ಸಾಕಾಗುವುದುಂಟು.

ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯೊಡನೆ ತುಳುನಾಡಿನ ಕೋಲ, ಜಾತ್ರೆಗಳು ನಿಲ್ಲುವುವು; ಹೂವಿನ ಬೇಡಿಕೆಯೂ ಇಳಿಯುವುದು. ಅಷ್ಟರೊಳಗೆ, ನೀರು ನಿಲ್ಲಲೆಂದು ತೋಡಿದ ಅದೇ ಪಾತಿಯನ್ನು ಮುಚ್ಚಿ, ಬುಡಕ್ಕೆ ಮಣ್ಣು ಏರಿಸಿ, ನೀರು ಹರಿದುಹೋಗಲು ಕಾಲುವೆ ಬಿಡಿಸಬೇಕು. ಜೂನ್ ತಿಂಗಳ ಮೊದಲ ಮಳೆ ಬಿದ್ದ ಮೇಲೆ ಈ ಕೆಲಸಕ್ಕೆ ಹೊರಟರೆ ಬೇರು ಕೊಳೆಯಲು ಹೆಚ್ಚು ದಿನ ಬೇಕಾಗದು.