ವೀಡಿಯೋ ಆಟಗಳ ವಿಮರ್ಶೆ, ಪ್ರಾಯೋಜಕತ್ವ ಮತ್ತು ವಿಶ್ವಾಸ

ವಿಮರ್ಶಕನ ಮಾತಿಗೆ ಬೆಲೆಯುಂಟಾಗುವುದು ಅವನು ಯಾರ ಋಣದಲ್ಲಿಯೂ ಇಲ್ಲವೆಂಬ ನಂಬಿಕೆಯಿಂದ. ವೀಡಿಯೋ ಆಟಗಳ ಕ್ಷೇತ್ರದಲ್ಲಿ ಈ ನಂಬಿಕೆಯು ಹೇಗೆ ಶಿಥಿಲವಾಯಿತೆಂಬುದನ್ನು ಅಮೆರಿಕದ ಒಂದು ಪ್ರಕರಣದಿಂದ ನಾವು ತಿಳಿಯಬಹುದು.

2014ರಲ್ಲಿ ವಾರ್ನರ್ ಬ್ರದರ್ಸ್ ಸಂಸ್ಥೆಯು ‘ಶ್ಯಾಡೋ ಆಫ್ ಮಾರ್ಡಾರ್’ ಎಂಬ ಆಟದ ಪ್ರಚಾರಕ್ಕಾಗಿ, ಜಾಹೀರಾತು ಸಂಸ್ಥೆಯೊಂದರ ಮೂಲಕ, ಯೂಟ್ಯೂಬಿನ ಪ್ರಸಿದ್ಧ ಆಟಗಾರರಿಗೆ ನೂರಾರು ಡಾಲರುಗಳಿಂದ ಹತ್ತಾರು ಸಾವಿರ ಡಾಲರುಗಳವರೆಗೆ ಹಣ ಕೊಡಿಸಿತು. ಆಟವನ್ನು ಹೊಗಳಬೇಕು, ಅದರ ದೋಷಗಳನ್ನು ತೋರಿಸಕೂಡದು ಎಂಬುದು ಕರಾರು. ಹಣದ ಸಂಗತಿಯನ್ನು ಅನೇಕರು ವೀಡಿಯೋದಲ್ಲಿ ಹೇಳದೆ, ಅದರ ಕೆಳಗೆ, ಒತ್ತಿದಲ್ಲದೆ ತೆರೆಯದ ವಿವರಣೆಯಲ್ಲಿ ಅಡಗಿಸಿದರು. ‘ಪ್ಯೂಡಿಪೈ’ ಎಂದು ಪ್ರಸಿದ್ಧನಾದ ಆಟಗಾರನ ವೀಡಿಯೋ ಒಂದನ್ನೇ ಜನರು 37 ಲಕ್ಷಕ್ಕೂ ಹೆಚ್ಚು ಬಾರಿ ನೋಡಿದರು. 2016ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಇದು ಗ್ರಾಹಕರ ವಂಚನೆಯೆಂದು ಸಂಸ್ಥೆಯ ಮೇಲೆ ಆಪಾದಿಸಿತು. ಸಂಸ್ಥೆಯು ರಾಜಿಗೆ ಒಪ್ಪಿತು.

ಭಾರತದಲ್ಲಿಯೂ ಜಾಹೀರಾತು ಗುಣಮಟ್ಟ ಮಂಡಲಿಯು, ಇಂತಹ ಪ್ರಚಾರವನ್ನು ಸ್ಪಷ್ಟವಾಗಿ ಸೂಚಿಸಬೇಕೆಂದು 2021ರಲ್ಲಿ ನಿಯಮ ಮಾಡಿತು. ಆದರೆ ಹಣ ಪಡೆದುದನ್ನು ಪ್ರಕಟಿಸುವುದೊಂದೇ ಸಾಲದೆಂದು ನಮ್ಮ ಅಭಿಪ್ರಾಯ. ಆಟವನ್ನು ಕೊಳ್ಳಬೇಕೋ ಬೇಡವೋ ಎಂದು ನಿರ್ಧರಿಸುವವನಿಗೆ ಮುಖ್ಯವಾಗಿ ಬೇಕಾದುದು ದೋಷಗಳ ಅರಿವೇ. ಅವನ್ನು ಮುಚ್ಚಿಡುವ ಕರಾರು ಉಳಿದಲ್ಲಿ, ಪ್ರಕಟನೆಯು ನೋಡುಗನನ್ನು ಎಚ್ಚರಿಸೀತೇ ಹೊರತು ಸತ್ಯವನ್ನು ತಿಳಿಸಲಾರದು.