ಸಹಿ ಆಯ್ತು, ಗೋಡೆ ಯಾಕೆ ಉಳೀತು?

ಇವತ್ತು ಉತ್ತರ ಐರ್ಲೆಂಡ್‌ನ ಬೆಲ್‌ಫಾಸ್ಟ್‌ಗೆ ಹೋಗೋಣ. ಬ್ರಿಟನ್ ಜೊತೆಗೇ ಇರ್ಬೇಕು ಅನ್ನೋರು ಒಂದು ಕಡೆ, ಅವರಲ್ಲಿ ಹೆಚ್ಚಿನವರು ಪ್ರಾಟೆಸ್ಟೆಂಟರು. ಐರ್ಲೆಂಡ್ ಜೊತೆ ಸೇರ್ಬೇಕು ಅನ್ನೋರು ಇನ್ನೊಂದು ಕಡೆ, ಹೆಚ್ಚಿನವರು ಕ್ಯಾಥೊಲಿಕರು. ಸುಮಾರು 30 ವರ್ಷದ ಹಿಂಸೆಯಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು.

ನಾನು ಬಿ.ಕಾಂ. ಓದಿದವನು. ನಂಗಿದು ಲೆಕ್ಕದ ಪುಸ್ತಕದ ಹಾಗೆ ಕಾಣ್ಸುತ್ತೆ. ಎರಡೂ ಕಡೆಯವರು ತಮಗಾದ ನಷ್ಟ ಮಾತ್ರ ಬರ್ಕೊಳ್ತಾರೆ. ತಾವು ಮಾಡಿದ ನಷ್ಟದ ಪುಟ ಖಾಲಿ. ಮನಶ್ಶಾಸ್ತ್ರ ಇದನ್ನ ನೋವಿನ ಪೈಪೋಟಿ ಅಂತ ನೋಡುತ್ತೆ: 'ಹೆಚ್ಚು ನೊಂದವರು ನಾವೇ!' ಆಗ ಎದುರಿನವರ ನೋವು ಒಪ್ಕೊಂಡ್ರೂ ನಮ್ಮವರಿಗೆ ದ್ರೋಹ ಮಾಡ್ದಂಗೆ ಅನ್ಸುತ್ತೆ.

1998ರ ಗುಡ್ ಫ್ರೈಡೇ ಒಪ್ಪಂದಕ್ಕೆ ಅಲ್ಲಿ ಮತ ಹಾಕಿದವರಲ್ಲಿ ಶೇ 71ರಷ್ಟು ಜನ 'ಹೌದು' ಅಂದ್ರು. ಆದ್ರೂ ಬಡಾವಣೆಗಳ ನಡುವಿನ 'ಶಾಂತಿ ಗೋಡೆ'ಗಳು ಬಹಳಷ್ಟು ಇನ್ನೂ ನಿಂತಿವೆ. ತೆಗೆದ್ರೆ ಏನಾಗುತ್ತೋ ಅನ್ನೋ ಭಯ ಪಕ್ಕದಲ್ಲಿರೋ ಅನೇಕರಿಗಿದೆ.

ಹಾಗಾದ್ರೆ ದಾರಿ? ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ರು: ಸುಮ್ನೆ ಎದುರುಬದುರಾದ್ರೆ ಸಾಲದು. ಸಮಾನರಾಗಿ, ಒಂದೇ ಗುರಿಗಾಗಿ ಸೇರಿ ಕೆಲಸ ಮಾಡ್ಬೇಕು, ವ್ಯವಸ್ಥೆಯ ಬೆಂಬಲವೂ ಇರ್ಬೇಕು.

1981. ಜೈಲಿನ ಉಪವಾಸದಲ್ಲಿ 10 ಕೈದಿಗಳು ಸತ್ತ ವರ್ಷ. ಅದೇ ವರ್ಷ ಬೆಲ್‌ಫಾಸ್ಟ್‌ನ ಕೆಲವು ಪೋಷಕರು ಎರಡೂ ಕಡೆಯ ಮಕ್ಕಳು ಒಟ್ಟಿಗೆ ಓದೋ ಲ್ಯಾಗನ್ ಕಾಲೇಜ್ ಅನ್ನೋ ಶಾಲೆ ಶುರು ಮಾಡಿದ್ರು. ಮೊದಲಿಗೆ ಬಂದವರು 28 ಮಕ್ಕಳು. ಆ ಅಪ್ಪ-ಅಮ್ಮಂದಿರು ಒಪ್ಪಂದಕ್ಕೆ ಕಾಯ್ಲಿಲ್ಲ.

ನಿಮಗಾಗದ ಗುಂಪಿನವರ ನೋವನ್ನ ಒಂದೇ ಒಂದು ಸಾಲು ಬರೆದು ನೋಡಿ. ನಂಗಂತೂ ಕೈ ಓಡ್ಲಿಲ್ಲ. ಮತ್ತೆ ಸಿಗೋಣ.