ತಿದ್ದಲು ಬಾರದ ಕರಾರುಗಳು

ಬ್ಯಾಂಕಿನ ಸಾಲಪತ್ರ, ವಿಮಾ ಪಾಲಿಸಿ, ಫ್ಲ್ಯಾಟ್ ಖರೀದಿಯ ಒಪ್ಪಂದ ಮೊದಲಾದವುಗಳಲ್ಲಿ ಷರತ್ತುಗಳೆಲ್ಲವನ್ನೂ ಒಂದು ಪಕ್ಷವೇ ಮುಂಚಿತವಾಗಿ ಅಚ್ಚು ಹಾಕಿಸಿಟ್ಟಿರುತ್ತದೆ. ಸಹಿ ಹಾಕುವುದು, ಇಲ್ಲವೇ ಎದ್ದುಹೋಗುವುದು, ಇವೆರಡೇ ಇನ್ನೊಂದು ಪಕ್ಷಕ್ಕೆ ಉಳಿಯುವ ದಾರಿ. ಸಿದ್ಧ ನಮೂನೆಯ ಕರಾರು ಎನಿಸಿಕೊಳ್ಳುವ ಈ ಪದ್ಧತಿಯನ್ನೇ ತಪ್ಪೆನ್ನಲಾಗದು, ಏಕೆಂದರೆ ಲಕ್ಷಾಂತರ ಗ್ರಾಹಕರೊಡನೆ ಪ್ರತ್ಯೇಕವಾಗಿ ಚೌಕಾಸಿ ಮಾಡುವುದು ಯಾವ ಸಂಸ್ಥೆಗೂ ಆಗದ ಕೆಲಸ. ಆದರೆ 1872ರ ಭಾರತೀಯ ಕರಾರು ಕಾಯ್ದೆ ನಿಂತಿರುವುದು ಉಭಯ ಪಕ್ಷಗಳ ಮುಕ್ತ ಸಮ್ಮತಿಯ ಮೇಲೆ. ಆಯ್ಕೆಯೇ ಇಲ್ಲದವನ ಸಹಿಯನ್ನು ಸಮ್ಮತಿಯೆಂದು ಎಷ್ಟರಮಟ್ಟಿಗೆ ಒಪ್ಪಬೇಕೆಂಬುದು ನ್ಯಾಯಾಲಯಗಳನ್ನು ಬಹುಕಾಲದಿಂದ ಕಾಡಿದೆ.

ಬಟ್ಟೆ ಕಳೆದುಹೋದರೆ ಬೆಲೆಯ ಶೇ 15ರಷ್ಟನ್ನು ಮಾತ್ರ ಕೊಡಲಾಗುವುದೆಂದು ಲಾಂಡ್ರಿಯೊಂದರ ರಸೀದಿಯಲ್ಲಿ ಅಚ್ಚಾಗಿದ್ದ ಷರತ್ತನ್ನು 1960ರ ದಶಕದಲ್ಲಿ ಮದ್ರಾಸ್ ಹೈಕೋರ್ಟ್ ಸಾರ್ವಜನಿಕ ನೀತಿಗೆ, ಅಂದರೆ ಸಮಾಜದ ಒಟ್ಟು ಹಿತಕ್ಕೆ, ವಿರುದ್ಧವೆಂದು ತಳ್ಳಿಹಾಕಿತು. ಸುಪ್ರೀಂ ಕೋರ್ಟ್ 1986ರಲ್ಲಿ ಇನ್ನೂ ಮುಂದೆ ಹೋಯಿತು. ಕಾಯಂ ನೌಕರನನ್ನು ಕಾರಣ ಹೇಳದೆ ಮೂರು ತಿಂಗಳ ನೋಟಿಸಿನ ಮೇಲೆ ತೆಗೆದುಹಾಕಲು ಸರ್ಕಾರಿ ಒಳನಾಡು ಜಲಸಾರಿಗೆ ನಿಗಮಕ್ಕೆ ಅವಕಾಶ ಕೊಟ್ಟಿದ್ದ ನಿಯಮವನ್ನು ರದ್ದುಪಡಿಸುತ್ತ, ಚೌಕಾಸಿಯ ಬಲದಲ್ಲಿ ಅಜಗಜಾಂತರವಿರುವಾಗ ಅನ್ಯಾಯದ ಷರತ್ತು ಸಿಂಧುವಾಗದೆಂದು ಅದು ಹೇಳಿತು. ಬಲದಲ್ಲಿ ಸಮಾನರಾದ ವ್ಯಾಪಾರಿಗಳ ನಡುವಿನ ಒಪ್ಪಂದಕ್ಕೆ ಈ ತತ್ತ್ವ ಅನ್ವಯಿಸದೆಂಬುದನ್ನೂ ಸ್ಪಷ್ಟಪಡಿಸಿತು. ಗುರುಗ್ರಾಮದ ಫ್ಲ್ಯಾಟೊಂದರ ಪ್ರಕರಣದಲ್ಲಿ, ಹಣ ಕಟ್ಟಲು ತಡಮಾಡಿದ ಖರೀದಿದಾರನಿಗೆ ಶೇ 18ರ ಬಡ್ಡಿ ವಿಧಿಸಿ, ತಾನು ತಡಮಾಡಿದರೆ ಶೇ 9 ಮಾತ್ರ ಕೊಡುವೆನೆಂದ ಬಿಲ್ಡರ್‌ನ ಏಕಪಕ್ಷೀಯ ಕರಾರು ಖರೀದಿದಾರನನ್ನು ಕಟ್ಟಿಹಾಕಲಾರದೆಂದು ಅದೇ ನ್ಯಾಯಾಲಯ 2019ರಲ್ಲಿ ತೀರ್ಪಿತ್ತಿತು.

ಅದೇ ವರ್ಷದ ಗ್ರಾಹಕ ಸಂರಕ್ಷಣಾ ಕಾಯ್ದೆ ‘ಅನ್ಯಾಯದ ಕರಾರು’ ಎಂಬುದಕ್ಕೆ ವ್ಯಾಖ್ಯೆ ಕೊಟ್ಟು, ಮಿತಿಮೀರಿದ ಭದ್ರತಾ ಠೇವಣಿ, ನಷ್ಟಕ್ಕೆ ತಾಳೆಯಾಗದ ದಂಡ, ಅವಧಿಗೆ ಮುನ್ನ ಸಾಲ ತೀರಿಸಲು ಬಿಡದಿರುವುದು, ಸಕಾರಣವಿಲ್ಲದೆ ಒಪ್ಪಂದವನ್ನು ಮುರಿಯುವ ಏಕಪಕ್ಷೀಯ ಹಕ್ಕು ಮುಂತಾದವನ್ನು ಅದರಲ್ಲಿ ಸೇರಿಸಿರುವುದು ನಿಜಕ್ಕೂ ದೊಡ್ಡ ಹೆಜ್ಜೆ. ಆದರೆ ಅಂಥ ಷರತ್ತನ್ನು ಅಸಿಂಧುವೆಂದು ಘೋಷಿಸುವ ಅಧಿಕಾರವನ್ನು ಕಾಯ್ದೆ ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗಷ್ಟೇ ಕೊಟ್ಟು, ಜನಸಾಮಾನ್ಯರಿಗೆ ಹತ್ತಿರವಾದ ಜಿಲ್ಲಾ ಆಯೋಗವನ್ನು ಹೊರಗಿಟ್ಟಿದೆ. ಬೀದರ್‌ನಲ್ಲಿಯೋ ಚಾಮರಾಜನಗರದಲ್ಲಿಯೋ ಸಣ್ಣ ಸಾಲ ಪಡೆದವರು ಒಂದು ಷರತ್ತನ್ನು ಪ್ರಶ್ನಿಸಲು ರಾಜ್ಯ ಆಯೋಗಕ್ಕೇ ಮೊರೆಹೋಗಬೇಕಾದ ಈ ಏರ್ಪಾಡು ಬದಲಾಗಿ, ಜಿಲ್ಲಾ ಆಯೋಗಗಳಿಗೂ ಆ ಅಧಿಕಾರ ದೊರೆಯಬೇಕು.